ಎಂಜಿನ್ ಕೈಕೊಟ್ಟ ಕಾರು: ರಿಪೇರಿ ಮಾಡಿಸಬೇಕೇ, ಗುಜರಿಗೆ ಕೊಡಬೇಕೇ?

ಪ್ರಶ್ನೆ: ನನ್ನದು 2013ರಲ್ಲಿ ನೋಂದಣಿಯಾದ ಮಾರುತಿ ಸ್ವಿಫ್ಟ್ ಡೀಸೆಲ್ ಕಾರು. 1,62,000 ಕಿ.ಮೀ. ಓಡಿದೆ. ಕೆಲಸದ ನಿಮಿತ್ತ ವಾರಕ್ಕೆ ಎರಡು ಸಲ ಗದಗದಿಂದ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಕಳೆದ ತಿಂಗಳು ಮರಳಿ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಎಂಜಿನ್ ಬಿಸಿಯಾದುದನ್ನು ತೋರಿಸುವ ಕೆಂಪು ದೀಪ ಹತ್ತಿತು. ಊರು ಹತ್ತಿರ ಬಂತೆಂದು ನಿಲ್ಲಿಸದೆ ಬಂದೆ. ಸ್ವಲ್ಪ ಹೊತ್ತಿಗೆ ಎಳೆತ ಕಡಿಮೆಯಾಗಿ ಎಂಜಿನ್ ನಿಂತುಹೋಯಿತು. ಈಗ ಚಾವಿ ತಿರುವಿದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಹಾಲು ಬೆರೆಸಿದಂತೆ ಕಾಣುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನವರು ಹಾಫ್ ಎಂಜಿನ್ (ಬ್ಲಾಕ್, ಪಿಸ್ಟನ್ ಇರುವ ಕೆಳಭಾಗ) ಮತ್ತು ಹೆಡ್ (ಅದರ ಮೇಲೆ ಕೂರುವ, ವಾಲ್ವುಗಳಿರುವ ಭಾಗ) ಸೇರಿ 1,85,000 ರೂಪಾಯಿ, ನಮ್ಮೂರ ಗ್ಯಾರೇಜಿನವರು 85,000 ರೂಪಾಯಿ ಆಗುತ್ತದೆ ಎಂದಿದ್ದಾರೆ. ಹುಬ್ಬಳ್ಳಿಯ ಇನ್ನೊಬ್ಬರು ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿಕೊಡಲು 1,10,000 ಕೇಳುತ್ತಾರೆ. ಹಳೆಯ ಕಾರುಗಳ ವ್ಯಾಪಾರಿಯೊಬ್ಬರು ಇದ್ದ ಸ್ಥಿತಿಯಲ್ಲೇ 90,000ಕ್ಕೆ, ಗುಜರಿಯವರು 40,000ಕ್ಕೆ ಕೊಡಿ ಎನ್ನುತ್ತಾರೆ. ಓಡುವ ಸ್ಥಿತಿಯಲ್ಲಿದ್ದರೆ ಇಂಥ ಕಾರಿಗೆ 2,60,000 ಬರುತ್ತದಂತೆ. ಆರು ತಿಂಗಳ ಹಿಂದಷ್ಟೇ ನಾಲ್ಕು ಟೈರು ಮತ್ತು ಬ್ಯಾಟರಿ ಹೊಸದಾಗಿ ಹಾಕಿಸಿದ್ದೇನೆ. ಹದಿನೈದು ವರ್ಷವಾದ ಕೂಡಲೇ ಸರ್ಕಾರವೇ ಕಾರನ್ನು ಗುಜರಿಗೆ ಹಾಕಿಸುತ್ತದೆ ಎಂಬ ಮಾತೂ ಇದೆ. ಹೀಗಿರುವಾಗ ಇದಕ್ಕೆ ಹಣ ಹಾಕುವುದು ಸರಿಯೇ?

ಉತ್ತರ: ನಿಮಗೆ ಮೂವರು ರಿಪೇರಿಯ ಮೊತ್ತ ಹೇಳಿದ್ದಾರೆ; ಮೂವರಲ್ಲಿ ಒಬ್ಬರೂ ಎಂಜಿನ್ ಬಿಚ್ಚಿ ನೋಡಿದಂತೆ ಕಾಣುವುದಿಲ್ಲ. ಒಳಗೆ ಏನು ಹಾಳಾಗಿದೆ ಎಂದು ತಿಳಿಯದೆ ಹೇಳುವ ಮೊತ್ತದಲ್ಲಿ ಹೇಳುವವರ ಎಚ್ಚರಿಕೆಯೋ ಆಸೆಯೋ ಸೇರಿಕೊಂಡಿರುತ್ತದೆ. ಸರ್ವಿಸ್ ಸೆಂಟರಿನವರು ಎಲ್ಲವೂ ಹೋಗಿದೆಯೆಂದು ಹಿಡಿದು ಲೆಕ್ಕ ಹಾಕಿದ್ದಾರೆ; ಊರಿನ ಗ್ಯಾರೇಜಿನವರು ಬಹುಪಾಲು ಉಳಿದಿದೆಯೆಂದು ಹಿಡಿದಿದ್ದಾರೆ. ಆದ್ದರಿಂದ ಈಗಲೇ ಗುಜರಿಗೆ ಕೊಡಬೇಡಿ, ರಿಪೇರಿಗೂ ಈಗಲೇ ಒಪ್ಪಿಗೆ ಕೊಡಬೇಡಿ. ಎಂಜಿನ್ನಿನ ಹೆಡ್ ಮತ್ತು ಕೆಳಗಿನ ಆಯಿಲ್ ಸಂಪ್ (ಆಯಿಲ್ ನಿಲ್ಲುವ ತಟ್ಟೆ) ಬಿಚ್ಚಿ ತೋರಿಸುವುದಕ್ಕೆ ಮಾತ್ರ ಒಂದು ಮಜೂರಿ ಗೊತ್ತುಮಾಡಿಕೊಳ್ಳಿ. ಬಿಚ್ಚಿಸುವ ಮೊದಲೇ, ಒಟ್ಟು ಎಷ್ಟು ಹಣದವರೆಗೆ ಹೋಗಬಹುದೆಂಬ ಮಿತಿಯನ್ನು ಮನೆಯಲ್ಲಿ ಕೂತು ನಿರ್ಧರಿಸಿ ಬರೆದಿಟ್ಟುಕೊಳ್ಳಿ. ನೀವು ಕೊಟ್ಟ ವಿವರಗಳಿಂದ ನೋಡಿದರೆ ಆ ಮಿತಿ ಸುಮಾರು 1,40,000 ರೂಪಾಯಿ. ಅದು ಹೇಗೆ ಬಂತೆಂಬುದನ್ನು ಮುಂದೆ ವಿವರಿಸುತ್ತೇನೆ.

ಅದಕ್ಕಿಂತ ಮೊದಲು ಒಂದು ತುರ್ತು ಮಾತು: ಚಾವಿ ತಿರುವಿ ನೋಡುವುದನ್ನು ಇಂದಿನಿಂದಲೇ ನಿಲ್ಲಿಸಿ. ಯಾರಾದರೂ ಬಂದು ತಳ್ಳಿ ಅಥವಾ ಎಳೆದು ಸ್ಟಾರ್ಟ್ ಮಾಡೋಣವೆಂದರೆ ಖಂಡಿತ ಬೇಡವೆನ್ನಿ. ಆಯಿಲ್ ಹಾಲಿನಂತಾಗಿದೆ ಎಂದರೆ ಅದರಲ್ಲಿ ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ನೀರು ಬೆರೆತಿದೆ; ಅಂಥ ಆಯಿಲ್ ಬೇರಿಂಗುಗಳನ್ನು ಕಾಪಾಡಲಾರದು. ಜೊತೆಗೆ, ಸಿಲಿಂಡರಿನೊಳಗೂ ನೀರು ಇಳಿದಿರಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲು ಬರುವುದಿಲ್ಲ. ಪಿಸ್ಟನ್ ಮೇಲೇರುವಾಗ ಎದುರಿಗೆ ನೀರು ಸಿಕ್ಕರೆ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈಗ ಬರೀ ಹೆಡ್ಡಿನಲ್ಲಿ ಮುಗಿಯಬಹುದಾದ ಕೆಲಸ ಆಗ ಬ್ಲಾಕಿಗೂ ಇಳಿಯುತ್ತದೆ.

ನೀವು ತಿಳಿಸಿದ ಲಕ್ಷಣಗಳಲ್ಲಿ ಸಮಾಧಾನದ ಅಂಶವೂ ಒಂದಿದೆ. ಸ್ಟಾರ್ಟರ್ ಮೋಟರ್ ಎಂಜಿನ್ನನ್ನು ತಿರುಗಿಸುತ್ತಿದೆ, ಅಂದರೆ ಅದು ಪೂರ್ತಿ ಸೀಜ್ ಆಗಿಲ್ಲ, ಒಳಗೆ ಕಚ್ಚಿಕೊಂಡು ನಿಂತಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಹೆಡ್ ಮತ್ತು ಬ್ಲಾಕಿನ ನಡುವೆ ಸೋರದಂತೆ ಇಟ್ಟಿರುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹೋಗಿದ್ದರೆ ಆ ಒತ್ತಡ ಸೋರಿಹೋಗುತ್ತದೆ, ಎಂಜಿನ್ ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ನಿಮ್ಮ ಕಾರಿನ 1.3 ಲೀಟರ್ ಎಂಜಿನ್ನಿನಲ್ಲಿ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಯಾಗಿ ಹಿಡಿದಿರುವುದರಿಂದ ಹಿಗ್ಗಲು ಜಾಗವಿಲ್ಲದ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಬಿಟ್ಟುಕೊಡುತ್ತದೆ, ನೀರಿನ ದಾರಿ ಮತ್ತು ಆಯಿಲಿನ ದಾರಿ ಒಂದಾಗುತ್ತವೆ. ಆಯಿಲ್ ಕೂಲರ್ ಒಳಗೇ ಸೀಳಿದರೂ ಆಯಿಲ್ ಹೀಗೆಯೇ ಕಾಣುತ್ತದೆ, ಅದನ್ನೂ ಪರೀಕ್ಷಿಸಲೇಬೇಕು. ಆದರೆ ಬಿಸಿಯಾಗಿ, ಎಳೆತ ಕಳೆದುಕೊಂಡು, ನಿಂತ ಮೇಲೆ ಹೊತ್ತಿಕೊಳ್ಳದ ಎಂಜಿನ್ನಿನಲ್ಲಿ ನನ್ನ ಮೊದಲ ಅನುಮಾನ ಹೆಡ್ಡಿನ ಮೇಲೆಯೇ.

ಬಿಚ್ಚಿದಾಗ ನೀವು ಅಲ್ಲಿರಬೇಕು. ಫೋಟೊ ಕಳಿಸುತ್ತೇವೆ ಎಂದರೆ ಸಾಲದು. ಒಂದು ಮಧ್ಯಾಹ್ನ ರಜೆ ಹಾಕಿಯಾದರೂ ಹೋಗಿ. ಹೆಡ್ ಕಳಚಿ ಮೇಜಿನ ಮೇಲೆ ಮಗುಚಿ ಹಾಕಿದ ಮೇಲೆ ಅದರ ಮೈಮೇಲೆ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಪಟ್ಟಿಯ ಅಡಿಗೆ ಫೀಲರ್ ಗೇಜ್ ತೂರಿಸಿ ಅಳೆಯಬೇಕು. 0.05 ಮಿ.ಮೀ. ಗೇಜ್ ಎಲ್ಲಿಯೂ ಒಳಹೋಗದಿದ್ದರೆ ನಿಮ್ಮ ಅದೃಷ್ಟ. 0.1 ಮಿ.ಮೀ. ದಾಟಿ ಸೊಟ್ಟಗಾಗಿದ್ದರೆ ಫೇಸಿಂಗ್ ಮಾಡಿ (ಮೈಯನ್ನು ಹೆರೆದು ಸಮಮಾಡಿ) ಸರಿಪಡಿಸುತ್ತೇವೆ ಎನ್ನುತ್ತಾರೆ. ಇಲ್ಲಿ ಸ್ವಲ್ಪ ನಿಧಾನಿಸಿ. ನಮ್ಮ ಭಾಗದ ಬೋರಿಂಗ್ ಅಂಗಡಿಗಳವರು ಲಾರಿ ಮತ್ತು ಟ್ರ್ಯಾಕ್ಟರುಗಳ ಹೆಡ್ ಫೇಸಿಂಗ್‌ನಲ್ಲಿ ಪಳಗಿದ ಕೈಯವರು. ಆದರೆ ಚಿಕ್ಕ ಡೀಸೆಲ್ ಎಂಜಿನ್ನುಗಳ ಹೆಡ್ಡಿನಲ್ಲಿ ತೆಗೆಯಬಹುದಾದ ಲೋಹ ಬಹಳ ಕಡಿಮೆ, ಕೆಲವದರಲ್ಲಿ ತೆಗೆಯಲೇಬಾರದು. ಹೆಚ್ಚು ತೆಗೆದರೆ ವಾಲ್ವ್ ಮತ್ತು ಪಿಸ್ಟನ್ನಿನ ನಡುವಿನ ಅಂತರವೇ ಉಳಿಯುವುದಿಲ್ಲ. ಕಂಪನಿಯ ಕೈಪಿಡಿಯಲ್ಲಿರುವ ಮಿತಿಯನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಫೇಸಿಂಗ್‌ಗಿಂತ ಮೊದಲು ಹೆಡ್ಡಿನ ನೀರಿನ ದಾರಿಗಳನ್ನು ಮುಚ್ಚಿ, ಬಿಸಿ ನೀರಿನಲ್ಲಿ ಮುಳುಗಿಸಿ, ಒಳಗೆ ಗಾಳಿ ತುಂಬಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುವ ಒತ್ತಡದ ಪರೀಕ್ಷೆ ಆಗಬೇಕು. ಎರಡು ವಾಲ್ವುಗಳ ನಡುವಿನ ತೆಳ್ಳನೆಯ ಸೇತುವೆಯಂಥ ಭಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರುವುದುಂಟು. ಬಿರುಕು ಬಿಟ್ಟ ಹೆಡ್ಡಿಗೆ ವೆಲ್ಡಿಂಗ್ ಮಾಡಿಸುವ ಸಲಹೆ ಬಂದರೆ ಒಪ್ಪಬೇಡಿ. ಬೇರೆ ಹೆಡ್ ಹಾಕಿಸಿ.

ಹೆಡ್ ತೆಗೆದ ಜಾಗದಲ್ಲಿ ನಾಲ್ಕು ಸಿಲಿಂಡರುಗಳ ಗೋಡೆ ಕಾಣುತ್ತದೆ. ಟಾರ್ಚ್ ಹಿಡಿದು ನೋಡಿ. ಕಾರ್ಖಾನೆಯಲ್ಲಿ ಹಾಕಿದ ಸಣ್ಣ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದರೆ ಬೋರ್, ಅಂದರೆ ಸಿಲಿಂಡರಿನ ಒಳಮೈ, ಚೆನ್ನಾಗಿದೆ. ಉದ್ದಕ್ಕೆ ಗೀರು ಬಿದ್ದಿದ್ದರೆ ಉಗುರಿನಿಂದ ಅಡ್ಡಲಾಗಿ ಎಳೆದು ನೋಡಿ. ಉಗುರು ಗೀರಿಗೆ ತಡೆದು ನಿಂತರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ, ಇಲ್ಲವೇ ಸ್ಲೀವ್ (ಸಿಲಿಂಡರಿನೊಳಗೆ ಹೊಸ ಕೊಳವೆ) ಕೂರಿಸಬೇಕಾಗುತ್ತದೆ.

ಹೆಡ್ ನೋಡಿದ ಮೇಲೆ ಅನೇಕ ಗ್ಯಾರೇಜುಗಳು ಅಲ್ಲಿಗೇ ನಿಲ್ಲಿಸುತ್ತವೆ, ಕಾರಿನ ಮಾಲೀಕರೂ ಖರ್ಚು ಉಳಿಯಿತೆಂದು ಸಂತೋಷಪಡುತ್ತಾರೆ. ಮೂರು ತಿಂಗಳಲ್ಲಿ ಎಂಜಿನ್ ಮತ್ತೆ ಕೆಳಗಿಳಿಯುವುದು ಹೆಚ್ಚಾಗಿ ಇಂಥ ಉಳಿತಾಯದಿಂದಲೇ. ನೀರು ಬೆರೆತ ಆಯಿಲಿನಲ್ಲಿ ಎಂಜಿನ್ ಓಡಿದೆ. ಹಾಗಾಗಿ ಸಂಪ್ ಕಳಚಿ, ಕನೆಕ್ಟಿಂಗ್ ರಾಡಿನ ಕೆಳಗಿನ ಒಂದೆರಡು ಕ್ಯಾಪ್ ತೆಗೆದು, ಬೇರಿಂಗ್ ಶೆಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಒಳಮೈ ಎಲ್ಲ ಕಡೆ ಒಂದೇ ತೆರನಾದ ಮಾಸಲು ಬೂದು ಬಣ್ಣದಲ್ಲಿದ್ದರೆ ಸರಿ. ಅಲ್ಲಲ್ಲಿ ತಾಮ್ರದ ಕೆಂಪು ಕಾಣುತ್ತಿದ್ದರೆ ಮೇಲಿನ ಪದರ ಸವೆದುಹೋಗಿದೆ. ಆಗ ಆ ರಾಡುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನು ಮೈಕ್ರೋಮೀಟರಿನಿಂದ ಅಳೆಯದೆ ಮುಂದೆ ಹೋಗಬಾರದು. ಸಂಪಿನ ತಳದಲ್ಲಿ ಮಿನುಗುವ ಲೋಹದ ಪುಡಿ ಸಿಕ್ಕರೆ, ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿದಾಗ ಕಾಗದದ ಮಡಿಕೆಗಳಲ್ಲೂ ಅದೇ ಪುಡಿ ಇದ್ದರೆ, ಕೆಳಗಿನ ಭಾಗ ಕೆಟ್ಟಿದೆ ಎಂದೇ ಲೆಕ್ಕ. ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊದ ಶಾಫ್ಟಿಗೂ ಅದೇ ಆಯಿಲ್ ಹೋಗಿರುತ್ತದೆ. ಅದನ್ನು ಬೆರಳಿನಿಂದ ಅಲ್ಲಾಡಿಸಿ ನೋಡಲು ಐದು ನಿಮಿಷ ಸಾಕು.

ಈ ಪರೀಕ್ಷೆಗೆ ಮಜೂರಿ ಆಗುತ್ತದೆ, ಕೆಲವು ಸಾವಿರ ರೂಪಾಯಿಗಳು. ರಿಪೇರಿ ಅಲ್ಲಿಯೇ ಮಾಡಿಸಿದರೆ ಅದನ್ನು ಒಟ್ಟು ಬಿಲ್ಲಿನಲ್ಲಿ ವಜಾ ಮಾಡುವಂತೆ, ಮಾಡಿಸದಿದ್ದರೆ ಎಂಜಿನ್ನಿನ ಎಲ್ಲ ಭಾಗಗಳನ್ನೂ ಕಾರಿನೊಳಗೆ ಹಾಕಿ ಕೊಡುವಂತೆ ಮೊದಲೇ ಮಾತಾಡಿ, ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಬಿಚ್ಚಿ ಹಾಕಿದ ಕಾರಿಗೆ ವ್ಯಾಪಾರಿಗಳು ಬೆಲೆ ಇಳಿಸುತ್ತಾರೆ ಎಂಬ ಭಯ ನಿಮಗಿರಬಹುದು. ಇಳಿಸುತ್ತಾರೆ, ನಿಜ. ಆದರೆ ಹತ್ತು ಸಾವಿರ ಇಳಿದರೂ ಒಳಗಿನ ಸ್ಥಿತಿ ನಿಮಗೆ ತಿಳಿದಿರುತ್ತದೆ. 85,000 ಎಂದು ಆರಂಭವಾಗಿ ಎಂಜಿನ್ ಬಿಚ್ಚಿದ ಮೇಲೆ ಒಂದೂವರೆ ಲಕ್ಷಕ್ಕೆ ಏರುವ ಕೆಲಸದ ನಡುವೆ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಅದು ಮೇಲು.

ಇನ್ನು ಲೆಕ್ಕ. ಓಡುವ ಕಾರಿಗೆ 2,60,000 ಬರುತ್ತದೆ ಎಂಬುದು ಮಾರುವವರು ಕೇಳುವ ಬೆಲೆ. ಕೊಳ್ಳುವವರು ಕೊಡುವುದು ಅದಕ್ಕಿಂತ ಕಡಿಮೆ. ಎಂಜಿನ್ ಕೆಲಸ ಆಗಿದೆ ಎಂದು ತಿಳಿದರೆ, ನೀವು ಅದನ್ನು ಮುಚ್ಚಿಡಲೂಬಾರದು, ಇನ್ನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ರಿಪೇರಿಯಾದ ಕಾರಿನ ಬೆಲೆಯನ್ನು 2,30,000 ಎಂದು ಹಿಡಿಯೋಣ. ಈಗ ಇದ್ದ ಸ್ಥಿತಿಯಲ್ಲಿ 90,000 ಸಿಗುತ್ತದೆ. ಎರಡರ ನಡುವಿನ 1,40,000 ರೂಪಾಯಿಯೇ ನಿಮ್ಮ ಮಿತಿ: ಅದಕ್ಕಿಂತ ಹೆಚ್ಚು ಹಾಕಿದರೆ ಕಾರನ್ನು ಇದ್ದಂತೆ ಮಾರಿ ಆ ಹಣವನ್ನು ಬೇರೆಡೆ ಹಾಕುವುದೇ ಲಾಭ. 85,000ದ ಅಂದಾಜಿಗೆ ವಾಟರ್ ಪಂಪ್, ರೇಡಿಯೇಟರ್, ಕೊಳವೆಗಳು, ಆಯಿಲ್, ಕೂಲಂಟ್ ಎಂದು ಕಾಲುಪಾಲು ಸೇರಿಸಿದರೆ ಒಂದು ಲಕ್ಷ ಆರು ಸಾವಿರದ ಸುಮಾರಿಗೆ ಬರುತ್ತದೆ, ಮಿತಿಯ ಒಳಗಿದೆ. 1,85,000 ಮಿತಿಯನ್ನು ದಾಟಿದೆ, ಆ ಮಾತು ಅಲ್ಲಿಗೆ ಮುಗಿಯಿತು. ಸರ್ವಿಸ್ ಸೆಂಟರಿನ ಕೆಲಸ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಐದು ವರ್ಷದ ಕಾರಾಗಿದ್ದರೆ ಅಲ್ಲಿಗೇ ಹೋಗಿ ಎನ್ನುತ್ತಿದ್ದೆ.

ಟೈರು ಮತ್ತು ಬ್ಯಾಟರಿಗೆ ಹಾಕಿದ ಹಣ ನಿಮ್ಮ ಮನಸ್ಸನ್ನು ಕೊರೆಯುತ್ತಿರುವುದು ಪತ್ರದಲ್ಲೇ ತಿಳಿಯುತ್ತದೆ. ಆ ಹಣ ಖರ್ಚಾಗಿ ಹೋಗಿದೆ. ಅದನ್ನು ಉಳಿಸಿಕೊಳ್ಳಲೆಂದು ಎಂಜಿನ್ ಮಾಡಿಸಬೇಡಿ. ಆದರೆ ಹೊಸ ಟೈರು ಇರುವ ಕಾರನ್ನು 90,000ಕ್ಕೆ ಕೇಳುವ ವ್ಯಾಪಾರಿಗೆ ಅವು ಕಾಣಿಸಿವೆ, ಗುಜರಿಯವರ 40,000ದಲ್ಲಿ ಅವುಗಳಿಗೆ ಬೆಲೆಯಿಲ್ಲ. ಅಷ್ಟು ಮಟ್ಟಿಗೆ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ.

ಬಿಚ್ಚಿದ ಮೇಲೆ ತೊಂದರೆ ಹೆಡ್ ಮತ್ತು ಗ್ಯಾಸ್ಕೆಟ್ಟಿನಲ್ಲೇ ಮುಗಿದರೆ ಊರಿನ ಗ್ಯಾರೇಜಿನಲ್ಲೇ ಮಾಡಿಸಿ. ಹೆಡ್ ಬೋಲ್ಟುಗಳು ಹೊಸವಾಗಿರಲಿ. ಒಮ್ಮೆ ಪೂರ್ತಿ ಬಿಗಿದ ಬೋಲ್ಟು ಉದ್ದಕ್ಕೆ ಎಳೆದುಕೊಂಡಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ವಾಲ್ವುಗಳನ್ನು ಪಿಸ್ಟನ್ನಿಗೆ ತಾಳೆಯಾಗಿ ಓಡಿಸುವ ಟೈಮಿಂಗ್ ಚೈನಿನ ಪೂರ್ತಿ ಸೆಟ್ಟನ್ನು ಈಗಲೇ ಬದಲಿಸಿ. ಈ ಎಂಜಿನ್ನಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂಭಾಗದಿಂದ ಗರಗರ ಸದ್ದು ಬರುವುದು ಚೈನ್ ಸಡಿಲವಾದುದರ ಗುರುತು. ಚೈನ್ ಹಲ್ಲು ಜಿಗಿದರೆ ಅಥವಾ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಆಗ ಹೊಸದಾಗಿ ಮಾಡಿಸಿದ ಹೆಡ್ ಕೂಡ ಹೋಯಿತು. ಬಿಡಿಭಾಗಗಳು ಸಿಗುವುದಿಲ್ಲವೆಂಬ ಚಿಂತೆ ಬೇಡ. ಮಾರುತಿ ಕಂಪನಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದೆ, ನಿಜ. ಆದರೆ ಫಿಯೆಟ್ ರೂಪಿಸಿದ ಈ 1248 ಸಿಸಿ ಎಂಜಿನ್ ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಷ್ಟೇ ಅಲ್ಲ, ಫಿಯೆಟ್ ಪುಂಟೊ, ಟಾಟಾ ಇಂಡಿಕಾ ವಿಸ್ಟಾಗಳಲ್ಲೂ ಬೇರೆ ಬೇರೆ ಹೆಸರಿನಿಂದ ಬಂದಿದೆ. ನಮ್ಮ ಕಡೆಯ ಟ್ಯಾಕ್ಸಿಗಳಲ್ಲೇ ಎಷ್ಟೋ ಇವೆ. ಇದರ ಒಳಹೊರಗು ಬಲ್ಲ ಮೆಕ್ಯಾನಿಕ್ ಸಿಗದ ತಾಲ್ಲೂಕು ಇರಲಾರದು.

ಕ್ರ್ಯಾಂಕ್ ಅಥವಾ ಬ್ಲಾಕ್ ಹಾಳಾಗಿದ್ದರೆ ಆಗ ಸೆಕೆಂಡ್ ಹ್ಯಾಂಡ್ ಎಂಜಿನ್ನಿನ ವಿಚಾರ ಮಾಡಬಹುದು. 1,10,000ಕ್ಕೆ ಮೇಲುಖರ್ಚೆಂದು 15,000 ಸೇರಿಸಿದರೆ 1,25,000 ಆಗುತ್ತದೆ, ಮಿತಿಗೆ ತೀರ ಹತ್ತಿರ. ಇಂಥ ಎಂಜಿನ್ನುಗಳು ಬಹುಮಟ್ಟಿಗೆ ಅಪಘಾತದಲ್ಲಿ ಜಖಂಗೊಂಡ ಕಾರುಗಳಿಂದ ಕಳಚಿ ಬಂದವು. ಅವುಗಳಲ್ಲಿ ಒಳ್ಳೆಯವೂ ಇವೆ; ಆದರೆ ಯಾವ ಕಾರಿನದು ಎಂಬುದಕ್ಕೆ ಕಾಗದವಿಲ್ಲದ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಮೂಲ ಕಾರಿನ ಆರ್‌ಸಿ ಪ್ರತಿ, ಎಂಜಿನ್ ಸಂಖ್ಯೆ ನಮೂದಿಸಿದ ಬಿಲ್ಲು, ಕೂರಿಸುವ ಮೊದಲೇ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ, ಇವಿಷ್ಟನ್ನು ಕೇಳಿ. ಎಂಜಿನ್ ಬದಲಾದ 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ಸಂಖ್ಯೆ ಹಾಕಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯ ಪಾಲಿಸಿಯಲ್ಲೂ ತಿದ್ದಿಸಬೇಕು. ಸಂಖ್ಯೆ ತಾಳೆಯಾಗದ ಕಾರನ್ನು ಮುಂದೆ ಮಾರುವುದೂ, ಅದಕ್ಕೆ ವಿಮೆಯ ಹಣ ಪಡೆಯುವುದೂ ಕಷ್ಟ. ಬಾಯಿಮಾತಿನ ಆರು ತಿಂಗಳ ಗ್ಯಾರಂಟಿಗೆ ನಾನು ಬೆಲೆ ಕಟ್ಟುವುದಿಲ್ಲ. ಕಾಗದ ಸಿಗದಿದ್ದರೆ ಆ 90,000 ಕೊಡುವ ವ್ಯಾಪಾರಿಗೆ ಮಾರಿಬಿಡಿ.

ಹದಿನೈದು ವರ್ಷದ ಭಯ ಆಧಾರವಿಲ್ಲದ್ದು. 15 ವರ್ಷ ದಾಟಿದ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ತಾನಾಗಿಯೇ ರದ್ದಾಗುವುದು ಸರ್ಕಾರಿ ಇಲಾಖೆ ಮತ್ತು ನಿಗಮಗಳಿಗೆ ಸೇರಿದ ವಾಹನಗಳದ್ದು. ಹತ್ತು ವರ್ಷದ ಡೀಸೆಲ್ ಕಾರಿನ ಮೇಲಿನ ನಿರ್ಬಂಧದ ಸುದ್ದಿ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಇವೆರಡೂ ಬೆರೆತು ನಮ್ಮ ಊರುಗಳ ಕಟ್ಟೆಗಳ ಮೇಲೆ ಬೇರೆಯೇ ರೂಪ ತಳೆದಿವೆ. ನಿಮ್ಮ ಖಾಸಗಿ ಕಾರಿನ ನೋಂದಣಿ 2028ರವರೆಗೆ ಇದೆ. ಆ ಬಳಿಕ ಗದಗದ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ಐದು ವರ್ಷಗಳ ಅವಧಿಗೆ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಕಾರುಗಳ ಈ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, ಹಸಿರು ತೆರಿಗೆ ಬೇರೆ. ತಪಾಸಣೆಯಲ್ಲಿ ಕೈಕೊಡುವುದು ಹೆಚ್ಚಾಗಿ ಹೊಗೆ, ಬ್ರೇಕು ಮತ್ತು ತುಕ್ಕು. ಹಾಗಾಗಿ ಎಂಜಿನ್ ಬಿಚ್ಚಿಸುವ ದಿನವೇ ಕಾರನ್ನು ಮೇಲೆತ್ತಿಸಿ, ತಳದ ಚೌಕಟ್ಟು, ಚಕ್ರದ ಮೇಲಿನ ಗೂಡುಗಳು, ಬಾಗಿಲ ಕೆಳಗಿನ ಪಟ್ಟಿ ಇವುಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗದಗದ ಒಣ ಹವೆಯಲ್ಲಿ ಓಡಿದ ಕಾರಿನ ತಳ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಅರಬೈಲ್ ಘಟ್ಟ ಇಳಿದು ಕರಾವಳಿಯಲ್ಲಿ ವರ್ಷಗಟ್ಟಲೆ ಇದ್ದು ಬಂದ ಕಾರಾಗಿದ್ದರೆ ಎಂಜಿನ್ನಿಗೆ ಒಂದು ರೂಪಾಯಿ ಹಾಕುವ ಮೊದಲು ತಳವನ್ನೇ ನೋಡಿ ಎನ್ನುತ್ತಿದ್ದೆ. ತಳ ತುಕ್ಕು ಹಿಡಿದು ತೂತಾಗಿದ್ದರೆ ಮೇಲಿನ ಲೆಕ್ಕವೆಲ್ಲ ರದ್ದು.

ಅಂಥ ಸ್ಥಿತಿಯಲ್ಲಿ ಗುಜರಿಯೇ ದಾರಿ. ಆದರೆ ಯಾವ ಗುಜರಿ ಎಂಬುದು ಬೆಲೆಗಿಂತ ಮುಖ್ಯ. 40,000 ನಗದು ಎಣಿಸಿ, ಆರ್‌ಸಿಯನ್ನೂ ಜೊತೆಗೆ ಇಸಿದುಕೊಂಡು, ಮುಂದಿನದು ನಾವು ನೋಡಿಕೊಳ್ಳುತ್ತೇವೆ ಎನ್ನುವವರಿಗೆ ಕಾರು ಕೊಟ್ಟರೆ ಸರ್ಕಾರದ ದಾಖಲೆಯಲ್ಲಿ ನೀವೇ ಮಾಲೀಕರಾಗಿ ಉಳಿಯುತ್ತೀರಿ. ಕಾರು ತುಂಡಾಗುವುದರ ಬದಲು ಅದರ ನಂಬರ್ ಪ್ಲೇಟು, ಚಾಸಿಸ್ ಸಂಖ್ಯೆ, ಆರ್‌ಸಿ ಮೂರೂ ಸೇರಿ ಕದ್ದ ಇನ್ನೊಂದು ಕಾರಿಗೆ ಹೊಸ ಜನ್ಮ ಕೊಡುವುದುಂಟು. ಆ ಕಾರು ಎಲ್ಲಿಯಾದರೂ ಯಾರಿಗಾದರೂ ಬಡಿದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ. ವಾಹನ ಮಾರಿದ್ದರೂ ನೋಂದಣಿ ವರ್ಗಾಯಿಸದಿದ್ದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. 90,000ದ ವ್ಯಾಪಾರಿಗೆ ಮಾರಿದರೂ ಇದೇ ಎಚ್ಚರಿಕೆ ಬೇಕು: ಮಾಲೀಕತ್ವ ವರ್ಗಾಯಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿಯಾದ ಮೇಲೆ ಆರ್‌ಟಿಒ ಕಚೇರಿಗೆ ಅವರೊಡನೆ ನೀವೇ ಹೋಗಿ, ಅರ್ಜಿ ಸಲ್ಲಿಸಿದ ರಸೀದಿ ಕೈಗೆ ಬಂದ ಮೇಲೆ ಚಾವಿ ಕೊಡಿ.

ಕಾನೂನಿನ ದಾರಿ ಎಂದರೆ 2021ರ ನಿಯಮಗಳಡಿ ನೋಂದಣಿ ಪಡೆದ ವಾಹನ ಗುಜರಿ ಕೇಂದ್ರ. ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ರಾಜ್ಯದಲ್ಲಿರುವ ಕೇಂದ್ರಗಳು ಕಾಣುತ್ತವೆ. ಕಾರಿನ ಮೇಲೆ ಸಾಲ, ದಂಡದ ಬಾಕಿ, ಪೊಲೀಸ್ ಪ್ರಕರಣ ಇರಬಾರದು. ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಅದರ ನಮೂದು ಹಾಗೇ ಉಳಿದಿದ್ದರೆ ಮೊದಲು ತೆಗೆಸಿ. ಅಲ್ಲಿ ಕಾರು ಒಪ್ಪಿಸಿದಾಗ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಬಳಿಕ ನೋಂದಣಿ ರದ್ದಾಗುತ್ತದೆ. ಹೊಸ ವಾಹನದ ಷೋರೂಂ ಬೆಲೆಯ ಶೇ 4ರಿಂದ 6ರಷ್ಟು ಗುಜರಿ ಬೆಲೆ ಸಿಗಬೇಕೆಂಬುದು ಗುಜರಿ ನೀತಿಯನ್ನು ಪ್ರಕಟಿಸುವಾಗ ಕೇಂದ್ರ ಸರ್ಕಾರ ಹೇಳಿದ ಅಂದಾಜು. ಏಳು ಲಕ್ಷದ ಕಾರಿಗೆ ಅದು 28,000ದಿಂದ 42,000 ರೂಪಾಯಿ. ಅಂದರೆ ನಿಮ್ಮೂರ ಗುಜರಿಯವರು ಹೇಳಿದ ಮೊತ್ತಕ್ಕೆ ಅದು ಬಹಳ ದೂರವೇನಿಲ್ಲ. ಆ ಪ್ರಮಾಣಪತ್ರ ತೋರಿಸಿ ಹೊಸ ಕಾರು ಕೊಂಡರೆ ನೋಂದಣಿ ಶುಲ್ಕ ಇಲ್ಲ, ಮತ್ತು ಖಾಸಗಿ ವಾಹನದ ತೆರಿಗೆಯಲ್ಲಿ ಗರಿಷ್ಠ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರ ಸರ್ಕಾರದ ನಿಯಮ ಅವಕಾಶ ಕೊಡುತ್ತದೆ. ನಿಮ್ಮ ಕಾರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಳ್ಳಿ. ಹೊಸ ಕಾರು ಕೊಳ್ಳುವ ಆಲೋಚನೆಯೇ ಇಲ್ಲದವರಿಗೆ ಈ ಸೌಲಭ್ಯಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ವಿಮೆಯಿಂದ ಏನನ್ನೂ ನಿರೀಕ್ಷಿಸಬೇಡಿ. ಬಿಸಿಯಾಗಿ ಕೆಟ್ಟ ಎಂಜಿನ್ ಯಾಂತ್ರಿಕ ವೈಫಲ್ಯದ ಲೆಕ್ಕಕ್ಕೆ ಹೋಗುತ್ತದೆ, ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಪರಿಹಾರವಿಲ್ಲ. ಬೆಣ್ಣಿಹಳ್ಳದ ನೆರೆಯಲ್ಲಿ ನೀರು ಹೊಕ್ಕು ಕೆಟ್ಟಿದ್ದರೂ ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿದ್ದವರಿಗೆ ಮಾತ್ರ ಹಣ ಬರುತ್ತದೆ.

ಇದಕ್ಕೆ ಹಾಕುವ ಹಣವನ್ನು ಹೊಸ ಕಾರಿಗೇ ಹಾಕಬಾರದೇ ಎಂದು ಮನೆಯಲ್ಲಿ ಯಾರಾದರೂ ಕೇಳಿರಬಹುದು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಆ ಪ್ರಶ್ನೆಗೆ ಮೊದಲಿಗಿಂತ ಬಲ ಬಂದಿದೆ. ಆದರೂ ಐದೂವರೆ ಲಕ್ಷ ಸಾಲವನ್ನು ಶೇ 9.5ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 11,500 ರೂಪಾಯಿ. ನಿಮ್ಮ ರಿಪೇರಿಯ ಮೊತ್ತ ಅಂಥ ಒಂಬತ್ತು ಕಂತುಗಳಿಗೆ ಸಮ. ಏಳು ಲಕ್ಷದ ಹೊಸ ಕಾರಿನ ಬೆಲೆ ಮೊದಲ ವರ್ಷದಲ್ಲೇ ಒಂದು ಲಕ್ಷದಷ್ಟು ಇಳಿಯುತ್ತದೆ. ರಿಪೇರಿಯಾದ ಕಾರು ಎರಡು ವರ್ಷ ತಕರಾರಿಲ್ಲದೆ ಓಡಿದರೆ ನೀವು ನಷ್ಟದಲ್ಲಿಲ್ಲ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ ನಿಮಗೆ ಕಾರು ಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ತಿಂಗಳಿಗೊಮ್ಮೆ ಮದುವೆ ಮುಂಜಿಗೆ ತೆಗೆಯುವವರು ಕೇಳಿದ್ದರೆ, ಗದಗ–ಹುಬ್ಬಳ್ಳಿ ನಡುವೆ ಬಸ್ಸು, ರೈಲು ಎರಡೂ ಇವೆಯಲ್ಲ ಎಂದು ನೆನಪಿಸುತ್ತಿದ್ದೆ.

ರಿಪೇರಿಗೆ ಒಪ್ಪಿದರೆ, ಕಾರು ಬಿಸಿಯಾದದ್ದು ಏಕೆ ಎಂಬುದಕ್ಕೆ ಗ್ಯಾರೇಜಿನವರಿಂದ ಉತ್ತರ ಬರಬೇಕು. ಗ್ಯಾಸ್ಕೆಟ್ ಹೋದದ್ದು ಪರಿಣಾಮ. ಕಾರಣ ರೇಡಿಯೇಟರಿನಲ್ಲೋ, ಫ್ಯಾನಿನಲ್ಲೋ, ಥರ್ಮೋಸ್ಟ್ಯಾಟಿನಲ್ಲೋ, ವಾಟರ್ ಪಂಪಿನಲ್ಲೋ ಇನ್ನೂ ಕೂತಿದೆ. ನಮ್ಮ ಭಾಗದಲ್ಲಿ ನಾನು ಮೊದಲು ಕೇಳುವುದು, ಕೂಲಂಟ್ ಕಡಿಮೆಯಾದಾಗ ಏನು ಹಾಕುತ್ತಿದ್ದಿರಿ ಎಂದು. ಕೊಳವೆಬಾವಿಯ ಗಡಸು ನೀರನ್ನು ತಿಂಗಳುಗಟ್ಟಲೆ ಸುರಿದ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೆ, ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ; ಹೊರಗಿನ ರೆಕ್ಕೆಗಳ ನಡುವೆ ಎರೆಮಣ್ಣಿನ ಧೂಳು ಮತ್ತು ಸುಗ್ಗಿಯ ಹೊಟ್ಟು ತುಂಬಿರುತ್ತದೆ. ಅಂಥ ರೇಡಿಯೇಟರನ್ನು ತೊಳೆದು ಮತ್ತೆ ಹಾಕುವ ಬದಲು ಹೊಸದನ್ನೇ ಹಾಕಿಸಿ. ಇನ್ನು ಮುಂದೆ ಕಂಪನಿ ಹೇಳಿದ ಕೂಲಂಟ್, ಅದಕ್ಕೆ ಬೆರೆಸಲು ಬ್ಯಾಟರಿಗೆ ಹಾಕುವ ಶುದ್ಧ ನೀರು, ಬೇರೆ ಯಾವುದೂ ಬೇಡ.

ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರು, ಬೋರಿಂಗ್ ಅಂಗಡಿಯ ಕೆಲಸ, ಗ್ಯಾರಂಟಿಯ ಅವಧಿ ಇವುಗಳನ್ನು ಬರೆಸಿ, ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಹಾಕಿಸಿಕೊಂಡು ಬನ್ನಿ. ಒಟ್ಟು ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಸಾವಿರ ಕಿ.ಮೀ. ಓಡಿದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿ. ತಮ್ಮ ಕೆಲಸದ ಮೇಲೆ ಭರವಸೆ ಇರುವವರು ಇದಕ್ಕೆ ಒಪ್ಪುತ್ತಾರೆ. ಕಾರು ಕೈಗೆ ಬಂದ ದಿನ ಎಸಿ ಹಾಕಿ, ಗ್ಯಾರೇಜಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಣ್ಣಿಗೇರಿಯವರೆಗೆ ಹೋಗಿ ಬನ್ನಿ. ಪಿಸ್ಟನ್, ರಿಂಗು ಅಥವಾ ಬೇರಿಂಗ್ ಬದಲಿಸಿದ್ದರೆ ಮೊದಲ ಸಾವಿರ ಕಿ.ಮೀ. ತನಕ ಎಂಜಿನ್ನನ್ನು ಎಳೆದಾಡಿಸದೆ ಓಡಿಸಿ, ತುಂಬಿದ ಕಾರಿನಲ್ಲಿ ಘಟ್ಟ ಹತ್ತಬೇಡಿ. ಆ ಬಳಿಕ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕಳಚಿದ ಫಿಲ್ಟರನ್ನು ನಿಮ್ಮೆದುರೇ ಕತ್ತರಿಸಿ ನೋಡಿಸಿ, ಅದು ಶುದ್ಧವಾಗಿದ್ದರೆ ಬಾಕಿ ಹಣ ಕೊಟ್ಟುಬಿಡಿ.